ಗುಬ್ಬಿಯನ್ನು ಕರೆದವಳು

ನನ್ನ ಮಗಳಿಗೆ ನಾಲ್ಕು ತುಂಬಿದರೂ ಬಾಯಲ್ಲಿ ಒಂದು ಮಾತಿರಲಿಲ್ಲ. ಗದಗ-ಬೆಟಗೇರಿಯಲ್ಲಿ ಉಪದೇಶಕ್ಕೆ ಬರವೇ? ಒಬ್ಬಳು ನಾಲಿಗೆಗೆ ಬಜೆ ಬೇರು ತೇಯ್ದು ಹಚ್ಚು ಎಂದಳು, ಇನ್ನೊಬ್ಬಳು ಲಕ್ಷ್ಮೇಶ್ವರದ ದರ್ಗಾಕ್ಕೆ ಹೋಗಿ ಬಾ ಎಂದಳು. ಹಚ್ಚಿದೆ, ಹೋಗಿಯೂ ಬಂದೆ. ಕಿವಿ ಚೆನ್ನಾಗಿವೆ ಎಂದರು ಹುಬ್ಬಳ್ಳಿಯ ಡಾಕ್ಟರು. "ಒಂದು ಮಾತು ಬರ್ಲಿ ತಡೀರಿ, ಉಳಿದವು ಅದರ ಬೆನ್ನು ಹತ್ತಿ ಬರ್ತಾವ" ಎಂದು ಧೈರ್ಯ ಹೇಳಿ ಕಳಿಸಿದರು. ಆ ಒಂದು ಮಾತಿಗಾಗಿ ಹಗಲೆಲ್ಲ ಅವಳ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದೆ.

ಆಗ ನಮ್ಮೂರಿಗೆ ಟೀವಿ ಬಂದು ಹೆಚ್ಚು ದಿನವಾಗಿರಲಿಲ್ಲ. ವಾರಕ್ಕೊಮ್ಮೆ ಬರುವ ಮಕ್ಕಳ ಕಾರ್ಯಕ್ರಮದಲ್ಲಿ ಬಟ್ಟೆಯ ಗುಬ್ಬಿಯೊಂದು ಹಿಂದಿಯಲ್ಲಿ ಎಣಿಸುತ್ತ ಕಾಳು ತಿನ್ನುತ್ತಿತ್ತು. ಮಗಳು ತುತ್ತು ಬಾಯಲ್ಲಿಟ್ಟುಕೊಂಡು ನೋಡುತ್ತಿದ್ದಳು. ಮುಗಿದ ಮೇಲೆ ಟೀವಿಯ ಹಿಂದೆ ಹೋಗಿ ಗುಬ್ಬಿಯನ್ನು ಹುಡುಕುತ್ತಿದ್ದಳು.

ನನ್ನ ತಮ್ಮ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಬೇಸಿಗೆ ಸೂಟಿಗೆ ಬಂದವನು ಇದನ್ನು ಕಂಡು, ಟೀವಿಗೆ ಜೋಡಿಸುವ ಒಂದು ಸಣ್ಣ ಕಂಪ್ಯೂಟರನ್ನು ತಂದ. ಪಡಸಾಲೆಯಲ್ಲಿ ಕೂತು ಸೂಟಿಯೆಲ್ಲ ಗುಂಡಿ ಕುಟ್ಟಿ ಸೋದರಸೊಸೆಗೊಂದು ಆಟ ಕಟ್ಟಿದ. ಪರದೆಯ ಮೇಲೆ ಕಾಳು ಬೀಳುತ್ತವೆ. ಎಷ್ಟು ಬಿದ್ದವೋ ಆ ಅಂಕಿಯ ಗುಂಡಿ ಒತ್ತಿದರೆ ಟೀವಿಯ ಗುಬ್ಬಿ ಕುಪ್ಪಳಿಸುತ್ತ ಬಂದು ತಿನ್ನುತ್ತದೆ. ಆದರೆ ಅವನು ಬರೆದದ್ದರಲ್ಲಿ ಎಲ್ಲೋ ತಪ್ಪಾಗಿ, ಗುಬ್ಬಿ ಒಮ್ಮೊಮ್ಮೆ ನಡುದಾರಿಯಲ್ಲೇ ನಿಂತುಬಿಡುತ್ತಿತ್ತು. ಬಹಳ ಹೊತ್ತಿನ ಮೇಲೆ ಹೊರಡುತ್ತಿತ್ತು. ಹೀಗೆ ಅದು ನಿಂತು, ತಮ್ಮ ತಲೆ ಕೆರೆದುಕೊಳ್ಳುತ್ತಿದ್ದಾಗ, ಮಗಳು ಪರದೆಗೆ ಕೈ ಚಾಚಿ "ಬಾ" ಎಂದಳು.

ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಓಡಿ ಬಂದೆ. "ಬಾ" ಎಂದು ಇನ್ನೊಮ್ಮೆ ಕರೆದಳು. ಗುಬ್ಬಿ ಹೊರಟಿತು. ತಾನು ಕರೆದದ್ದಕ್ಕೇ ಬಂತೆಂದು ಅವಳು ನಂಬಿದಳು. ಅಂದು ನಾನು ಅತ್ತಷ್ಟು ತವರು ಬಿಟ್ಟು ಬರುವಾಗಲೂ ಅತ್ತಿರಲಿಲ್ಲ.

ಸೂಟಿ ಮುಗಿದಾಗ ತಮ್ಮ, ಕಂಪ್ಯೂಟರನ್ನೂ ಆಟ ತುಂಬಿದ ಕ್ಯಾಸೆಟ್ಟನ್ನೂ ನಮ್ಮಲ್ಲೇ ಬಿಟ್ಟು ಹೋದ. ಕರೆಂಟು ಹೋದರೆ ಕಂಪ್ಯೂಟರು ಎಲ್ಲವನ್ನೂ ಮರೆಯುತ್ತಿತ್ತು. ದಿನಾ ಟೇಪ್ ರೆಕಾರ್ಡರಿಗೆ ವೈರು ಸಿಕ್ಕಿಸಿ ಕ್ಯಾಸೆಟ್ಟಿನಿಂದ ಆಟವನ್ನು ಮತ್ತೆ ತುಂಬಬೇಕು. ವೈರು ಸಿಕ್ಕಿಸಿದರೆ ಹೊರಗೆ ಸದ್ದು ಕೇಳುತ್ತಿರಲಿಲ್ಲ. ಆಟ ಬರುವವರೆಗೆ ಮಗಳು ಟೇಪಿನ ಮೇಲೆ ಅಂಗೈ ಇಟ್ಟು ಅದು ತಿರುಗುವುದನ್ನು ಮುಟ್ಟಿ ನೋಡುತ್ತಿದ್ದಳು. ಆ ಮಳೆಗಾಲ ನಮ್ಮ ಮನೆಯಲ್ಲಿ "ಬಾ" ಕೇಳದ ದಿನವಿರಲಿಲ್ಲ.

ಶ್ರಾವಣಕ್ಕೆ ಮಠದಲ್ಲಿ ಪುರಾಣ ಹಚ್ಚಿದರು. ನಮ್ಮ ಮಾವನವರು ನಿವೃತ್ತ ಮಾಸ್ತರರು. ಮುಂಡರಗಿಯಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕನಿಗಾಗಿ ಪ್ರತಿ ಶ್ರಾವಣವೂ ಪುರಾಣವನ್ನು ಟೇಪು ಮಾಡಿಕೊಂಡು ಹೋಗಿ ಕೇಳಿಸುವುದು ಅವರ ರೂಢಿ.

ಒಂದು ಬೆಳಿಗ್ಗೆ ಎಷ್ಟು ಹೊತ್ತಾದರೂ ಆಟ ಬರಲಿಲ್ಲ. ವೈರು ಕಿತ್ತೆ. ಪುರಾಣ ಹೇಳುವ ಸ್ವಾಮಿಗಳ ದನಿ ಕೇಳಿತು.

"ಮಾವಾರ, ಈ ಕ್ಯಾಸೆಟ್ ಯಾರು ಮುಟ್ಟಿದ್ರಿ?"

"ನಾನs ಯವ್ವಾ. ಹಚ್ಚಿ ನೋಡಿದ್ರ ಬರೇ ಕೀಂ ಅಂತ ಒದರಾಕತ್ತಿತ್ತು. ಕೆಟ್ಟೈತಿ ಅಂದು ಪುರಾಣ ತುಂಬಿಸ್ಕೊಂಡೆ. ಆಟ ಆ ಡಬ್ಬಿಯೊಳಗ ಐತಲ್ಲ?"

ಆಟವೆಲ್ಲ ಆ ಕೀರಲು ಸದ್ದಿನಲ್ಲೇ ಇದೆ, ಅದೇ ಗುಬ್ಬಿ ಎಂದು ಅವರಿಗೆ ಯಾರು ಹೇಳಿದ್ದರು? ಆದರೂ ಬೈದೆ. ಬಾಯಿಗೆ ಬಂದಂತೆ ಬೈದೆ. ಅವರು ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು "ಇದನ್ನ ತಿರುಗಿ ಅಳಿಸಿದ್ರ ಬರಂಗಿಲ್ಲೇನು?" ಎಂದು ಮತ್ತೆ ಮತ್ತೆ ಕೇಳಿದರು.

ತಮ್ಮನ ಬಳಿ ಬೇರೆ ಪ್ರತಿ ಇರಲಿಲ್ಲ. ದಸರೆಗೆ ಬಂದು ನೆನಪಿನಿಂದ ಇಡೀ ಆಟವನ್ನು ಮತ್ತೆ ಬರೆದ, ಈ ಸಲ ಜಾಗ್ರತೆಯಿಂದ. ಅದೇ ಗುಬ್ಬಿ, ಅದೇ ಕಾಳು. ಮಗಳು ಎಣಿಸಿದಳು, ಒತ್ತಿದಳು, ಒಂದೂ ತಪ್ಪಲಿಲ್ಲ. ಗುಬ್ಬಿಯೂ ಎಲ್ಲೂ ನಿಲ್ಲದೆ ನೆಟ್ಟಗೆ ಬಂದು ತಿಂದು ಹೋಯಿತು. ಕರೆಯುವ ಗರಜೇ ಬೀಳಲಿಲ್ಲ. ಅವಳ ತುಟಿ ಬಿಚ್ಚಲಿಲ್ಲ.

"ಮೊದಲಿನ ತಪ್ಪು ತಿರುಗಿ ಹಾಕೋ ತಮ್ಮಾ" ಎಂದೆ.

"ಅದು ಎಲ್ಲಿತ್ತಂತ ನನಗs ಗೊತ್ತಿಲ್ಲ ಅಕ್ಕಾ" ಎಂದ.

ಬೇಕೆಂದೇ ಗುಬ್ಬಿಯನ್ನು ನಡುವೆ ನಿಲ್ಲಿಸುವಂತೆ ಬರೆದು ನೋಡಿದ. ಅದು ನಿಂತಿತು. ನಾವೆಲ್ಲ ಕಾದೆವು, ಮಾವನವರು ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. ಮಗಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಹಿತ್ತಲಿಗೆ ಹೋದಳು.

ಡಾಕ್ಟರು ಹೇಳಿದ ಉಳಿದ ಮಾತುಗಳು ಯಾವುದರ ಬೆನ್ನು ಹತ್ತಬೇಕಿತ್ತು? ಈಗ ಅವಳ ಕೂದಲಲ್ಲೂ ಬಿಳಿ ಕಾಣಿಸುತ್ತಿದೆ. ಹಸಿದರೆ ತಾಟು ತೋರಿಸುತ್ತಾಳೆ, ನಾನು ಬೇಕಾದರೆ ಸೆರಗು ಜಗ್ಗುತ್ತಾಳೆ. ನನ್ನ ಮಗಳು ಹುಟ್ಟಿದಾಗಿನಿಂದ ಬಾಯಿ ಬಿಟ್ಟು ಕರೆದದ್ದು ಒಂದು ಗುಬ್ಬಿಯನ್ನು, ನನ್ನನ್ನಲ್ಲ.