ಕರಡಿ ತನಗೇ ಬರೆದ ಆಕ್ಷೇಪಣೆ

ವಿದ್ಯುತ್ ಆಯೋಗದ ಕಚೇರಿಯಲ್ಲಿ ಅವನನ್ನು ಎಲ್ಲರೂ ಕರಡಿ ಅಂತಲೇ ಕರೆಯುತ್ತಿದ್ದರು. ನೋಡಿದರೆ ಹಿಡಿಯಷ್ಟು ಮೈ, ತಲೆಯ ಮೇಲೂ ಕೂದಲು ಅಷ್ಟಕ್ಕಷ್ಟೆ. ಆದರೂ ವಿದ್ಯುತ್ ಪ್ರಸರಣದ ಬಗ್ಗೆ ಯಾವ ನಿಯಮ ಹೊರಬರಬೇಕಿದ್ದರೂ ಅದರ ಕರಡು ಅವನ ಕೈಯಿಂದಲೇ ಇಳಿಯಬೇಕು. ಕರಡು ಬರೆಯುವವನು ಕರಡಿ. ಯಾರೋ ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತ್ತು. ಹೊಸದಾಗಿ ಸೇರಿದವರು ಅದೇ ಅವನ ನಿಜವಾದ ಹೆಸರು ಅಂದುಕೊಂಡು ‘ಕರಡಿ ಸರ್’ ಅಂತ ಭಕ್ತಿಯಿಂದ ನಮಸ್ಕಾರ ಮಾಡುತ್ತಿದ್ದರು.

ವಿದ್ಯುತ್ ಕೇಂದ್ರದಿಂದ ಊರುಗಳಿಗೆ ಕರೆಂಟು ಹೊತ್ತು ತರುವ ದೊಡ್ಡ ದೊಡ್ಡ ಲೈನುಗಳಿವೆಯಲ್ಲ, ಅವನ್ನು ಎಳೆಯುವುದು ಪ್ರಸರಣ ಕಂಪನಿಯ ಕೆಲಸ. ಎಲ್ಲಿ ಎಳೆಯಬಹುದು, ಯಾರ ಮನೆಯಿಂದ ಎಷ್ಟು ದೂರ ಇರಬೇಕು ಅಂತ ನಿಯಮ ಮಾಡಿ ಕಂಪನಿಯ ಮೂಗುದಾರ ಹಿಡಿಯುವುದು ಆಯೋಗದ ಕೆಲಸ. ಕರಡಿ ಆ ಮೂಗುದಾರ ಹೊಸೆಯುವವನು. ‘ಸಾಧ್ಯವಾದ ಮಟ್ಟಿಗೆ’, ‘ಸೂಕ್ತವೆನಿಸಿದಲ್ಲಿ’, ‘ಸಂದರ್ಭಾನುಸಾರ’ ಇವೆಲ್ಲ ಅವನ ಲೇಖನಿಯ ತುದಿಯಲ್ಲೇ ಕೂತಿರುತ್ತಿದ್ದವು. ಯಾರೂ ತಪ್ಪು ಹಿಡಿಯಲಾಗದ ಹಾಗೆ, ಹಾಗೆಯೇ ಯಾರಿಗೂ ಏನೂ ಹೊಳೆಯದ ಹಾಗೆ ಒಂದು ವಾಕ್ಯ ಕಟ್ಟುವುದರಲ್ಲಿ ಅವನದು ಎತ್ತಿದ ಕೈ.

ಈ ರೋಗ ಮನೆಗೂ ಬಂದಿತ್ತು. ಒಂದು ಶನಿವಾರ ಹೆಂಡತಿ ಕೇಳಿದಳು, “ರೀ, ನಾಳೆ ಸಿನಿಮಾಕ್ಕೆ ಹೋಗೋಣ್ವಾ?”

“ಪರಿಸ್ಥಿತಿ ನೋಡ್ಕೊಂಡು, ಸೂಕ್ತ ಅನ್ನಿಸಿದ್ರೆ ಹೋಗಬಹುದು.”

“ಹೋಗ್ತೀವಾ, ಇಲ್ವಾ? ಅಷ್ಟು ಹೇಳಿ ಸಾಕು.”

“ತಾತ್ವಿಕವಾಗಿ ಹೋಗ್ತೀವಿ ಕಣೇ.”

ಅವಳು ಮಾರನೆಯ ದಿನ ಪಕ್ಕದ ಮನೆಯವಳ ಜೊತೆ ಹೋಗಿ ನೋಡಿಕೊಂಡು ಬಂದಳು.

ಹೀಗಿರುವಾಗ ಆಯೋಗದ ಅಧ್ಯಕ್ಷರು ಅವನನ್ನು ಕರೆಸಿದರು. ಅವರು ನಿವೃತ್ತ ನ್ಯಾಯಾಧೀಶರು, ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಕೋರ್ಟಿನಲ್ಲೇ ಕಲಿತು ಬಂದವರು. ಹೈಟೆನ್ಷನ್ ಲೈನಿಗೂ ಮನೆಗೂ ನಡುವೆ ಕಡ್ಡಾಯವಾಗಿ ಎಷ್ಟು ದೂರ ಇರಬೇಕು ಅಂತ ಒಂದು ನಿಯಮ ಬೇಕಾಗಿತ್ತು. ಕರಡಿ ಅಲ್ಲಿ ಇಲ್ಲಿ ಬೇರೆಯವರ ನಿಯಮಗಳನ್ನು ತರಿಸಿ ನೋಡಿದ. ಒಬ್ಬರು ಹತ್ತು ಮೀಟರ್ ಅಂದಿದ್ದರು, ಇನ್ನೊಬ್ಬರು ಮೂವತ್ತು. ಸರಿಯಾಗಿ ನಡುವೆ ಕೂತರೆ ಯಾವ ಕಡೆಯಿಂದಲೂ ಕಲ್ಲು ಬೀಳುವುದಿಲ್ಲ ಅಂತ ಇಪ್ಪತ್ತು ಬರೆದ. ಅದಕ್ಕೆ ಬೆನ್ನೆಲುಬಾಗಿ ಜನರ ನೆಮ್ಮದಿ, ಮುಂದಿನ ಪೀಳಿಗೆ, ವೈಜ್ಞಾನಿಕ ದೃಷ್ಟಿ ಅಂತೆಲ್ಲ ಪುಟಗಟ್ಟಲೆ ಕಾರಣ ಹೊಂದಿಸಿದ. ಓದಿದವರು ಭೇಷ್ ಅಂದರು. ಸಾರ್ವಜನಿಕರ ಆಕ್ಷೇಪಣೆಗಳಿಗಾಗಿ ಕರಡು ಪ್ರಕಟವಾಯಿತು.

ಅದೇ ಹೊತ್ತಿಗೆ ಪ್ರಸರಣ ಕಂಪನಿಯಲ್ಲಿ ನೀತಿ ವಿಭಾಗ ನೋಡಿಕೊಳ್ಳುತ್ತಿದ್ದವನು ಕೆಲಸ ಬಿಟ್ಟ. ಅನುಭವ ಇರುವವರೊಬ್ಬರನ್ನು ನಿಯೋಜನೆಯ ಮೇಲೆ ಕೊಡಿ ಅಂತ ಕಂಪನಿ ಆಯೋಗವನ್ನು ಕೇಳಿತು. ಆಯೋಗ ಕರಡಿಯನ್ನು ಕೊಟ್ಟಿತು. ಎರಡು ಕಟ್ಟಡಗಳೂ ಎದುರುಬದುರು. ಒಂದು ಕೈಯಲ್ಲಿ ಟೀ ಕಪ್ಪು, ಇನ್ನೊಂದು ಕಂಕುಳಲ್ಲಿ ಕುರ್ಚಿಯ ದಿಂಬು ಇಟ್ಟುಕೊಂಡು ಅವನು ರಸ್ತೆ ದಾಟಿದ.

ಕಂಪನಿಯ ಮ್ಯಾನೇಜರ್ ಚುರುಕಿನ ಹೆಂಗಸು, ನಡೆಯುತ್ತಲೇ ಫೋನಿನಲ್ಲಿ ಮಾತಾಡಿ, ಮಾತಾಡುತ್ತಲೇ ಸಹಿ ಹಾಕುವವಳು. ಬಂದ ದಿನವೇ ಆ ಕರಡನ್ನು ಅವನ ಮುಂದೆ ಒಗೆದಳು.

“ಯಾರೋ ತಲೆಕೆಟ್ಟವನು ಬರೆದಿದ್ದಾನೆ. ಇದನ್ನ ಚಿಂದಿ ಮಾಡಿ ಕೊಡಿ.”

“ಮೇಡಂ, ಅದು...”

“ಗೊತ್ತು, ನೀವು ಅಲ್ಲಿಂದಲೇ ಬಂದವರು. ಅದಕ್ಕೇ ನಿಮಗೆ ಕೊಡ್ತಿರೋದು.”

ಬರೆದವನು ನಾನೇ ಅಂತ ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಮೆಟ್ಟಿಲಿಳಿದಿದ್ದಳು.

ಮೊದಲ ಸಾಲು ಬರೆಯುವಾಗ ಕೈ ತಡೆಯಿತು. ಎರಡನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಉಮೇದು ಬಂತು. ಆ ಕರಡಿನಲ್ಲಿ ಎಲ್ಲೆಲ್ಲಿ ಟೊಳ್ಳಿದೆ ಅಂತ ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ‘ಈ ಇಪ್ಪತ್ತು ಮೀಟರ್ ಎಂಬುದು ಗಾಳಿಯಿಂದ ಹಿಡಿದ ಅಂಕಿ. ಕರಡು ರಚಿಸಿದವರಿಗೆ ವಾಸ್ತವದ ಗಂಧಗಾಳಿಯೂ ಇದ್ದಂತಿಲ್ಲ’ ಎಂದು ಬರೆದು, ಹನ್ನೆರಡು ಮೀಟರ್ ಸಾಕು ಎಂದು ಸಾಧಿಸಿದ. ಹನ್ನೆರಡು ಯಾಕೆಂದರೆ, ಕಂಪನಿಯ ಹೊಸ ಲೈನಿನ ನಕ್ಷೆ ಆಗಲೇ ಆ ಲೆಕ್ಕದಲ್ಲಿ ತಯಾರಾಗಿತ್ತು. ಮ್ಯಾನೇಜರ್ ಓದಿ ಮೊದಲ ಸಲ ನಿಂತಲ್ಲೇ ನಿಂತು ನಕ್ಕಳು.

ಆಕ್ಷೇಪಣೆ ರಸ್ತೆ ದಾಟಿ ಆಯೋಗಕ್ಕೆ ಹೋಯಿತು. ಅಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಇಷ್ಟು ಖಡಕ್ಕಾಗಿ ಬರೆದದ್ದಕ್ಕೆ ಉತ್ತರ ಬರೆಯಬಲ್ಲವನು ಒಬ್ಬನೇ, ಅವನನ್ನು ಕಂಪನಿಗೆ ಕಳಿಸಿಯಾಗಿದೆ. ಕಡೆಗೆ ಎರಡೂ ಕಚೇರಿಗಳು ಮಾತಾಡಿಕೊಂಡು ಒಂದು ಏರ್ಪಾಟು ಮಾಡಿದವು: ಕರಡಿ ಬೆಳಗ್ಗೆ ಕಂಪನಿಯಲ್ಲಿ, ಮಧ್ಯಾಹ್ನದ ಮೇಲೆ ಆಯೋಗದಲ್ಲಿ. ಇದರಲ್ಲಿ ಹಿತಾಸಕ್ತಿಯ ಘರ್ಷಣೆ ಏನೂ ಇಲ್ಲ ಅಂತ ಒಂದು ಟಿಪ್ಪಣಿ ಬೇಕಾಯಿತು. ಅದನ್ನೂ ಅವನೇ ಬರೆದ. ಎರಡೂ ಕಡೆಗೆ.

ಮಧ್ಯಾಹ್ನ ಆಯೋಗದ ಮೇಜಿನ ಮುಂದೆ ಕೂತು ಆ ಆಕ್ಷೇಪಣೆ ಓದುವಾಗ ಅವನಿಗೆ ನಿಜವಾಗಿಯೂ ಮೈ ಉರಿದುಹೋಯಿತು. ಗಂಧಗಾಳಿ ಇಲ್ಲವಂತೆ! ಇಷ್ಟು ವರ್ಷ ಜೀವ ತೇದದ್ದಕ್ಕೆ ಇದಾ ಮರ್ಯಾದೆ? ‘ಆಕ್ಷೇಪಣೆದಾರರ ಧಾಟಿಯಲ್ಲಿ ತರ್ಕಕ್ಕಿಂತ ದುರುದ್ದೇಶವೇ ಎದ್ದು ಕಾಣುತ್ತದೆ’ ಅಂತ ಉತ್ತರ ಶುರು ಮಾಡಿದ. ಸಿಟ್ಟು ರಾತ್ರಿ ಊಟದ ತನಕವೂ ಇಳಿದಿರಲಿಲ್ಲ.

“ಏನಾಯ್ತು, ತಟ್ಟೆ ಕಡೆ ಹೀಗೆ ಗುರಾಯಿಸ್ತಾ ಇದ್ದೀರಾ?” ಅಂದಳು ಹೆಂಡತಿ.

“ಅವನಿಗೆ ಎಷ್ಟು ಕೊಬ್ಬು ಅಂತೀನಿ.”

“ಯಾರಿಗೆ?”

“ಆ ಕಂಪನಿಯವನಿಗೆ. ಆಕ್ಷೇಪಣೆ ಬರೆದವನಿಗೆ.”

“ಅದು ನೀವೇ ಅಲ್ವಾ?”

“ಬೆಳಗ್ಗೆ,” ಅಂದ ಕರಡಿ.

ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಒಳಗಿಂದ ತುಂಬ ಹೊತ್ತು ಪಾತ್ರೆಯ ಸದ್ದಿನ ಜೊತೆ ನಗು ಕೇಳಿಸುತ್ತಿತ್ತು.

ಆ ಭಾನುವಾರ ಅಕ್ಕ ಬಂದಳು. ತಾಯಿ ಹೋದ ಮೇಲೆ ಕರಡಿಯನ್ನು ಸಾಕಿ ಬೆಳೆಸಿದವಳು ಅವಳೇ. ಊರಿನ ಅಂಚಿನ ಬಡಾವಣೆಯಲ್ಲಿ ಒಂದು ಪುಟ್ಟ ಮನೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ. ಚಪ್ಪಲಿ ಬಿಡುತ್ತಲೇ ಮಾತಿಗೆ ಶುರುವಿಟ್ಟಳು.

“ನಮ್ಮ ಹಿತ್ತಿಲ ಆಚೆ ಕೆಂಪು ಬಣ್ಣದ ಗೂಟ ಹೊಡೆದು ಹೋಗಿದ್ದಾರೆ ಕಣೋ. ಹೈಟೆನ್ಷನ್ ಲೈನಂತೆ. ಆಯೋಗದವರು ಹೇಳಿದ ಹಾಗಾದ್ರೆ ಅಲ್ಲಿ ಬರಲ್ವಂತೆ, ಕಂಪನಿ ಹೇಳಿದ ಹಾಗಾದ್ರೆ ಬರುತ್ತಂತೆ. ನೀನು ಅದೇ ಕೆಲಸದಲ್ಲಿದ್ದೀಯ. ಹೇಳು, ಅದರ ಪಕ್ಕದಲ್ಲಿ ನಾನು ಬದುಕಬಹುದಾ?”

“ನೋಡಕ್ಕ, ಒಂದು ದೃಷ್ಟಿಯಿಂದ ನೋಡಿದ್ರೆ ಇಪ್ಪತ್ತು ಮೀಟರ್ ಬೇಕು ಅನ್ನೋದರಲ್ಲಿ ಹುರುಳಿದೆ. ಇನ್ನೊಂದು ದೃಷ್ಟಿಯಿಂದ...”

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ. ನಿನ್ನ ಮುಂದೆ ಕೂತಿರೋದು ಅಧ್ಯಕ್ಷರಲ್ಲ, ನಿನ್ನ ಅಕ್ಕ. ನಿನಗೆ ಏನನ್ನಿಸುತ್ತೆ ಅದನ್ನ ಹೇಳು.”

ಕರಡಿ ಬಾಯಿ ತೆರೆದ. ಒಳಗೆ ಏನೂ ಇರಲಿಲ್ಲ. ಬೆಳಗಿನ ಕರಡಿಗೆ ಒಂದು ಅಭಿಪ್ರಾಯವಿತ್ತು, ಮಧ್ಯಾಹ್ನದ ಕರಡಿಗೆ ಇನ್ನೊಂದು. ಭಾನುವಾರದವನಿಗೆ ಯಾರೂ ಯಾವತ್ತೂ ಏನೂ ಕೇಳಿರಲಿಲ್ಲ. ಅವನ ಮುಖ ನೋಡಿ ಅಕ್ಕನಿಗೆ ಸಿಟ್ಟಿಗಿಂತ ಹೆಚ್ಚಾಗಿ ಕನಿಕರ ಬಂತು.

“ಲೈನ್ ಹತ್ತಿರ ಯಾವತ್ತಾದರೂ ನಿಂತು ನೋಡಿದ್ದೀಯೇನೋ?”

“ನಕ್ಷೆಯಲ್ಲಿ ನೋಡಿದ್ದೀನಿ.”

“ಏಳು,” ಅಂದಳು.

ಇಬ್ಬರೂ ಬಸ್ಸು ಹತ್ತಿ ಹಳೆಯ ಲೈನೊಂದು ಹಾದುಹೋಗುವ ಬೀದಿಗೆ ಹೋದರು. ಸಣ್ಣಗೆ ಹನಿಯುತ್ತಿತ್ತು. ಮನೆಗಳ ಹಿಂದೆಯೇ ಟವರು, ತಲೆಯ ಮೇಲೆ ದಪ್ಪ ತಂತಿಗಳು. ಬಾಣಲೆಯಲ್ಲಿ ಏನೋ ಸಣ್ಣಗೆ ಕರಿಯುತ್ತಿರುವ ಹಾಗೆ ‘ಚಿರ್’ ಎಂಬ ಸದ್ದು ಮೇಲಿಂದ ಎಡೆಬಿಡದೆ ಸುರಿಯುತ್ತಿತ್ತು. ಕರಡಿ ತನ್ನ ಆಕ್ಷೇಪಣೆಯಲ್ಲಿ ಅದನ್ನು ‘ಗಣನೀಯವಲ್ಲದ ಶಬ್ದ’ ಅಂತ ಕರೆದಿದ್ದ. ಅಕ್ಕನ ಛತ್ರಿ ಅವನ ಕೈಗೆ ಬಂತು. ಅದರ ಕಬ್ಬಿಣದ ಕಡ್ಡಿಗೆ ಬೆರಳು ತಾಗಿದ್ದೇ ಚುಳ್ ಅಂತು. ಛತ್ರಿ ನೆಲಕ್ಕೆ ಬಿತ್ತು.

ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು ನಕ್ಕಳು. “ಹೊಸಬರಾ? ನಾವು ಬಟ್ಟೆ ಒಣಗಿಸೋ ತಂತಿ ತೆಗೆದು ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದೀವಿ. ಪ್ರಾಣಕ್ಕೇನೂ ಆಗಲ್ಲ ಬಿಡಿ, ಸುಮ್ನೆ ಕುಟುಕುತ್ತೆ ಅಷ್ಟೆ. ಸದ್ದು ಮಾತ್ರ ಹಾಳಾದ್ದು. ಈಗ ನೆಂಟರ ಮನೆಗೆ ಹೋದ್ರೆ ಅದಿಲ್ದೆ ನಿದ್ದೆ ಬರಲ್ಲ.”

“ಯಾರಾದ್ರೂ ಬಂದು ಅಳೆದಿದ್ದಾರಾ ಇದನ್ನ?” ಅಂತ ಕೇಳಿದ ಕರಡಿ.

“ಮನೆ ಕಂದಾಯಕ್ಕೆ ಬಂದು ಗೋಡೆ ಅಳೆದುಕೊಂಡು ಹೋಗಿದ್ರು.”

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಚುಳ್ ಅಂದ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಇಳಿಯುವಾಗ, “ನೀನು ವಿಚಾರಣೆಗೆ ಬಾ ಅಕ್ಕ,” ಅಂದ.

ಸಾರ್ವಜನಿಕ ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಅಧ್ಯಕ್ಷರು, ಪಕ್ಕದಲ್ಲಿ ಕಾರ್ಯದರ್ಶಿ. ಎಡಕ್ಕೆ ಕಂಪನಿಯ ಮೇಜು, ಬಲಕ್ಕೆ ಆಯೋಗದ ಮೇಜು. ಮೊದಲು ಕಂಪನಿಯ ಪರ ವಾದ. ಕರಡಿ ಎದ್ದು ನಿಂತು ಹನ್ನೆರಡು ಮೀಟರ್ ಏಕೆ ಸಾಕು ಅಂತ ಓದಿದ. ಓದಿ ಮುಗಿಸಿ, ಹಾಳೆ ಮಡಚಿಕೊಂಡು, ನಡುವಿನ ದಾರಿ ದಾಟಿ ಬಲಗಡೆ ಬಂದು, ಇನ್ನೊಂದು ಹಾಳೆ ಬಿಡಿಸಿ ಇಪ್ಪತ್ತು ಮೀಟರ್ ಏಕೆ ಬೇಕು ಅಂತ ಓದಿದ. ಹಿಂದಿನ ಸಾಲುಗಳಲ್ಲಿ ಕಿಸಕ್ ಅಂತ ಸದ್ದಾಯಿತು.

ಅಧ್ಯಕ್ಷರು ಎಚ್ಚೆತ್ತು, “ಇಬ್ಬರೂ ಚೆನ್ನಾಗಿ ವಾದಿಸಿದ್ದೀರಿ. ಇಬ್ಬರೂ ಒಟ್ಟಿಗೆ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬನ್ನಿ,” ಅಂದರು.

ಕಾರ್ಯದರ್ಶಿ ಬಗ್ಗಿ ಅವರ ಕಿವಿಯಲ್ಲಿ ಏನೋ ಉಸುರಿದ.

“ಒಬ್ಬರೇನಾ?” ಅಂದರು ಅಧ್ಯಕ್ಷರು, ಮೈಕು ಆನ್ ಇದ್ದದ್ದು ಮರೆತು. “ಒಳ್ಳೆಯದೇ ಆಯ್ತಲ್ಲ, ಬೇಗ ಒಮ್ಮತಕ್ಕೆ ಬರಬಹುದು.”

ಸಭೆಯೆಲ್ಲ ಗೊಳ್ಳೆಂದಿತು. ನಗದೆ ಇದ್ದವರು ಇಬ್ಬರೇ: ಮೂರನೆಯ ಸಾಲಿನಲ್ಲಿ ಕೂತಿದ್ದ ಅಕ್ಕ, ಮತ್ತು ಎರಡು ಮೇಜುಗಳ ನಡುವೆ ನಿಂತುಬಿಟ್ಟಿದ್ದ ಕರಡಿ.

“ಸರ್, ನಂದೊಂದು ಅಭಿಪ್ರಾಯ ಇದೆ,” ಅಂದ.

“ಯಾರ ಪರವಾಗಿ?”

“ನನ್ನ ಪರವಾಗಿ ಸರ್. ಇಪ್ಪತ್ತು ಅಂತ ನಾನು ಬರೆದದ್ದು, ಅದು ಹತ್ತು ಮೂವತ್ತರ ನಡುವೆ ಇತ್ತು ಅಂತ. ಹನ್ನೆರಡು ಅಂತ ಬರೆದದ್ದು, ನಕ್ಷೆ ಆಗಲೇ ಆಗಿತ್ತು ಅಂತ. ಮೊನ್ನೆ ತನಕ ನಾನು ಲೈನಿನ ಹತ್ತಿರ ನಿಂತವನೇ ಅಲ್ಲ. ನಿಂತೆ. ಎಡೆಬಿಡದೆ ಸದ್ದು ಬರುತ್ತೆ, ಛತ್ರಿ ಮುಟ್ಟಿದ್ರೆ ಹೊಡೆಯುತ್ತೆ. ಅಲ್ಲಿರೋ ಮನೆಗಳಲ್ಲಿ ಯಾರೂ ಏನೂ ಅಳೆದಿಲ್ಲ. ಮೊದಲು ಅಳೆಯೋಣ, ಆಮೇಲೆ ಬರೆಯೋಣ. ಇಷ್ಟೇ ಸರ್.”

ಅವನು ಒಂದೂ ‘ಸಾಧ್ಯವಾದ ಮಟ್ಟಿಗೆ’ ಇಲ್ಲದೆ ಅಷ್ಟು ಮಾತಾಡಿದ್ದನ್ನು ಕಚೇರಿಯವರು ಕೇಳಿದ್ದು ಅದೇ ಮೊದಲು. ಕಂಪನಿಯ ಮ್ಯಾನೇಜರ್ ಫೋನನ್ನು ಕಿವಿಯಿಂದ ಕೆಳಗಿಳಿಸಿದ್ದಳು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡ.

“ಖಾಸಗಿ ವ್ಯಕ್ತಿಗಳ ಅಭಿಪ್ರಾಯ ಗಡುವಿಗೆ ಮೊದಲೇ ಲಿಖಿತವಾಗಿ ಬರಬೇಕು ಸರ್. ಗಡುವು ಮುಗಿದಿದೆ. ನಿಯಮದಲ್ಲಿ ವಿನಾಯಿತಿ ಇಲ್ಲ.”

“ಇಷ್ಟು ಬಿಗಿಯಾಗಿ ಆ ನಿಯಮ ಬರೆದೋರು ಯಾರ್ರೀ?” ಅಂದರು ಅಧ್ಯಕ್ಷರು.

“ನಾನೇ ಸರ್,” ಅಂದ ಕರಡಿ.

ಅವನ ಅಭಿಪ್ರಾಯ ‘ತಡವಾಗಿ ಬಂದಿರುವುದರಿಂದ ಪರಿಗಣಿಸಿಲ್ಲ’ ಅಂತ ದಾಖಲಾಯಿತು. ಕೆಲವು ವಾರಗಳ ಮೇಲೆ ಅಂತಿಮ ನಿಯಮ ಹೊರಬಂತು: ಹದಿನಾರು ಮೀಟರ್. ಹನ್ನೆರಡು ಮತ್ತು ಇಪ್ಪತ್ತರ ನಡುವೆ, ಸರಿಯಾಗಿ. ಗೋಡೆಯಿಂದ ಅಳೆದರೆ ಅಕ್ಕನ ಮನೆಯ ಪಕ್ಕ ಲೈನು ಹೋಗಬಹುದು, ಸೂರಿನ ಅಂಚಿನಿಂದ ಅಳೆದರೆ ಹೋಗಬಾರದು. ಎಲ್ಲಿಂದ ಅಳೆಯಬೇಕು ಅಂತ ನಿಯಮದಲ್ಲಿ ಹೇಳಿರಲಿಲ್ಲ. ಅದನ್ನು ತೀರ್ಮಾನಿಸಲು ಒಂದು ಸಮಿತಿ ಆಯಿತು. ಸಮಿತಿ ಕೂರುವ ಮೊದಲೇ, ಅಕ್ಕನ ಹಿತ್ತಿಲ ಆಚೆಯ ನೆಲ ಮೆತ್ತಗಿದೆ, ಟವರು ನಿಲ್ಲುವುದಿಲ್ಲ ಅಂತ ಕಂಪನಿಯ ಕೆಲಸದವರು ಗೂಟ ಕಿತ್ತುಕೊಂಡು ಬೇರೆ ಕಡೆ ಹೋದರು. ಆಯೋಗ ತನ್ನ ವಾರ್ಷಿಕ ವರದಿಯಲ್ಲಿ ‘ಜನಸ್ನೇಹಿ ನೀತಿಯಿಂದಾಗಿ ಮಾರ್ಗ ಬದಲಾವಣೆ’ ಅಂತ ಆ ಹಿತ್ತಿಲ ಚಿತ್ರವನ್ನೇ ಮುಖಪುಟಕ್ಕೆ ಹಾಕಿತು.

ಎರಡೂ ಮೇಜುಗಳು ಕರಡಿಯ ಕೈತಪ್ಪಿ ಹೋದವು. ಆಯೋಗದ ತರಬೇತಿ ವಿಭಾಗಕ್ಕೆ ಹಾಕಿದರು, ಹೊಸಬರಿಗೆ ಕರಡು ಬರೆಯುವುದನ್ನು ಕಲಿಸಲು. ಮೊದಲ ದಿನವೇ ಅವನು ಅವರನ್ನೆಲ್ಲ ಹಳೆಯ ಲೈನಿನ ಬೀದಿಗೆ ಕರೆದುಕೊಂಡು ಹೋದ. ಮೇಲಿನವರು ಕಾರಣ ಕೇಳಿ ನೋಟಿಸು ಕೊಟ್ಟರು. ಅವನು ಎರಡೇ ಸಾಲಿನ ಉತ್ತರ ಕೊಟ್ಟ. ಅಷ್ಟು ಚಿಕ್ಕ ಉತ್ತರಕ್ಕೆ ಏನು ಮಾಡಬೇಕು ಅಂತ ಯಾರಿಗೂ ತೋಚದೆ ವಿಷಯ ಅಲ್ಲಿಗೇ ನಿಂತಿತು.

ಲೈನು ತಪ್ಪಿದ ಖುಷಿಗೆ ಅಕ್ಕ ಅವನಿಗೊಂದು ಅಂಗಿ ಹೊಲಿದು ತಂದಳು. ತೊಡಿಸಿ ನೋಡುತ್ತಾ, ತೋಳು ಎಳೆದು ಸರಿಮಾಡುತ್ತಾ ಕೇಳಿದಳು, “ಅಲ್ಲ ಕಣೋ, ನಮ್ಮ ಕಡೆಯಿಂದ ಹೋದದ್ದು ಈಗ ಯಾರ ಮನೆ ಪಕ್ಕ ಹೋಯ್ತು?”

“ಗೊತ್ತಿಲ್ಲ ಅಕ್ಕ.”

“ಹಾಗಾದ್ರೆ ನೋಡ್ಕೊಂಡು ಬರೋಣ ನಡಿ. ಆ ಹೊಸ ಅಂಗಿ ತೆಗೆದಿಟ್ಟು ಬಾ, ಅಲ್ಲೆಲ್ಲ ಕೆಸರಿರುತ್ತೆ.”