ತುಂಬಿ ಚೆಲ್ಲುವ ಮದ್ದು

ನಮ್ಮ ಕೆಂಟಕಿಯ ಕಲ್ಲಿದ್ದಲು ಗಣಿಗಳಲ್ಲಿ ಮೂವತ್ತೊಂದು ವರ್ಷ ಬಂಡೆ ಸಿಡಿಸಿ, ಹತ್ತೂ ಬೆರಳು ಉಳಿಸಿಕೊಂಡು ಮನೆಗೆ ಬಂದವನು ಆರ್ವಿಲ್ ಟ್ಯಾಕೆಟ್. ಆ ಬೆರಳುಗಳ ಬಗ್ಗೆ ಅವನಿಗೆ ಭಾರೀ ಜಂಬ. ಬುಧವಾರ ಬಂತೆಂದರೆ ನಾವು ಐದಾರು ಮಂದಿ ಗುಡ್ಡದ ಹಿಂದೆ ಪಿಸ್ತೂಲಿನಿಂದ ತಗಡಿಗೆ ಗುರಿಯಿಟ್ಟು ಹೊಡೆಯುತ್ತಿದ್ದೆವು. ಆಮೇಲೆ ಅವನ ಹೆಂಡತಿ ಎತಲೀನ್ ಮಾಡಿದ ಬೀನ್ಸ್ ಕಾಳಿನ ಸಾರು, ಜೋಳದ ರೊಟ್ಟಿ. ಅಯ್ಯೋ, ಎಂಥ ಬುಧವಾರಗಳವು!

ಖಾಲಿ ತೋಟಾಗಳನ್ನು ಆಯ್ದು ತಂದು ಮನೆಯಲ್ಲೇ ಮತ್ತೆ ಮದ್ದು ತುಂಬುವುದು ನಮ್ಮೆಲ್ಲರ ರೂಢಿ. ನನಗೆ ಕಲಿಸಿದವನು ಆರ್ವಿಲನೇ. ಆದರೆ ಮದ್ದು ಕೊಳ್ಳಲು ಹೋದರೆ ಜಗಳ ತಪ್ಪುತ್ತಿರಲಿಲ್ಲ. ಅವನದು ಅರಳಿನಂತೆ ಉಬ್ಬಿದ ಮದ್ದು, ಡಬ್ಬಿ ಬೇಗ ಖಾಲಿಯಾಗುತ್ತಿತ್ತು. ನನ್ನದು ಚಿಟಿಕೆಯಲ್ಲೇ ಕೆಲಸ ಮುಗಿಸುವ ಬಿರುಸಿನ ಮದ್ದು.

“ಅದೇ ದುಡ್ಡಿಗೆ ಎಷ್ಟೊಂದು ಜಾಸ್ತಿ ಗುಂಡಾಗುತ್ತೆ ಕಣೋ ಮುದುಕಪ್ಪ!”

“ಒಂದೇ ತೋಟಾಗೆ ಮರೆತು ಎರಡು ಸಲ ಸುರಿದ್ರೆ ನಂದು ತುಂಬಿ ಚೆಲ್ಲುತ್ತೆ, ಕುರುಡನಿಗೂ ಗೊತ್ತಾಗುತ್ತೆ. ನಿಂದು ತೆಪ್ಪಗೆ ತಳದಲ್ಲಿ ಕೂತಿರುತ್ತೆ. ಹೊಡೆದಾಗ ಪಿಸ್ತೂಲೇ ಸಿಡಿಯುತ್ತೆ. ನಂಗೆ ಹತ್ತೂ ಬೆರಳು ಬೇಕಮ್ಮ ಡ್ರೀಮಾ.”

“ಪುಕ್ಕಲ!” ಎಂದೆ, ಎಲ್ಲರೆದುರಿಗೆ. ಎಲ್ಲರೂ ನಕ್ಕರು. ಮದ್ದಿನ ಬೆಲೆಯೂ ಏರಿತ್ತು, ಅವನಿಗಿದ್ದದ್ದು ಪಿಂಚಣಿ ಮಾತ್ರ. ಮುಂದಿನ ಸಲ ಅವನು ನನ್ನ ಮದ್ದನ್ನೇ ಕೊಂಡ.

ವಾರವೂ ಆಗಿರಲಿಲ್ಲ, ಮಧ್ಯಾಹ್ನ ಅವನ ಫೋನು. “ಟಾರ್ಚ್ ತಗೊಂಡು ಬಾ.”

ಹೋದೆ. ಮೇಜಿನ ಮೇಲೆ ಇನ್ನೂ ಗುಂಡು ಕೂರಿಸದ ಐವತ್ತು ತೋಟಾ ಬಾಯಿ ತೆರೆದು ಸಾಲಾಗಿ ನಿಂತಿದ್ದವು. ತುಂಬುತ್ತಿದ್ದಾಗ ಯಾರೋ ಬಾಗಿಲು ತಟ್ಟಿದ್ದಾರೆ, ಎದ್ದು ಹೋಗಿ ಬಂದವನಿಗೆ ಎಲ್ಲಿ ನಿಲ್ಲಿಸಿದ್ದೆನೆಂಬುದು ಮರೆತಿದೆ, ಅಂದಾಜಿನಲ್ಲಿ ಮುಂದುವರಿಸಿದ್ದಾನೆ. ಮುಗಿದ ಮೇಲೆ ಅನುಮಾನ ಬಂದಿದೆ. ಪೊರೆ ಬಂದ ಕಣ್ಣಿಗೆ ತಳ ಕಾಣುತ್ತಿಲ್ಲ. ನಾನು ಒಂದೊಂದಕ್ಕೂ ಬೆಳಕು ಹಾಯಿಸಿದೆ. ಮೂರು ತೋಟಾಗಳಲ್ಲಿ ಮದ್ದು ಎರಡೆರಡು ಸಲ ಬಿದ್ದಿತ್ತು. ಆ ಮೂರನ್ನೂ ಪಕ್ಕಕ್ಕಿಟ್ಟೆ.

“ಎಷ್ಟು?”

“ಮೂರು.”

ಅವನು ಐವತ್ತು ತೋಟಾದ ಮದ್ದನ್ನೂ, ಡಬ್ಬಿಯಲ್ಲಿ ಉಳಿದದ್ದನ್ನೂ ತೆಗೆದುಕೊಂಡು ಹೋಗಿ ಎತಲೀನಳ ಟೊಮ್ಯಾಟೊ ಮಡಿಗೆ ತೆಳ್ಳಗೆ ಉದುರಿಸಿದ. ನಂಬಿಕೆ ಹೋದ ಮದ್ದನ್ನು ನಾವೆಲ್ಲ ಗೊಬ್ಬರ ಮಾಡುವುದು ಹಾಗೇ. “ನಿನ್ನ ಉಳಿತಾಯ ಗಿಡಕ್ಕಾಯ್ತು” ಎಂದು ನಕ್ಕ. ನನಗೆ ನಗು ಬರಲಿಲ್ಲ. ಬುಧವಾರ ಯಾರೋ ಕೇಳಿದರು, ಹಳೇ ಮದ್ದಿಗೇ ಬಂದೆಯಲ್ಲ ಯಾಕೆ ಅಂತ. “ಕಣ್ಣು ಮಂಜು” ಎಂದ, ಅಷ್ಟೇ.

ಹೋದ ಏಪ್ರಿಲ್‌ನಲ್ಲಿ ಮಲಗಿದ್ದಲ್ಲೇ ಹೋಗಿಬಿಟ್ಟ. ಮಣ್ಣು ಮುಗಿಸಿ ಬಂದ ಮೇಲೆ ಎತಲೀನ್ ನನ್ನ ಕೈಗೆ ಟೊಮ್ಯಾಟೊ ತುಂಬಿದ ಸೀಸೆಯಿಟ್ಟಳು.

“ಅವತ್ತು ನೀನು ಬರ್ದೆ ಇದ್ರೆ ಕೈ ಹೋಗ್ತಿತ್ತು ಅಂತ ಎಲ್ರ ಹತ್ರನೂ ಹೇಳ್ಕೊಂಡು ಬಂದ.”

“ಆ ಮದ್ದು ಕೊಳ್ಳೋಕೆ ಹೇಳಿದ್ಯಾರು ಅಂತ ಹೇಳ್ಲಿಲ್ವಾ?”

“ಕೇಳ್ದೆ. ‘ಅಂಗಡಿಯೋನು’ ಅಂದ.”

ಸೀಸೆ ಹಿಡಿದು ಮೆಟ್ಟಿಲ ಮೇಲೆ ಕೂತೆ. “ನಾನು ಕಣೇ, ನಾನೇ” ಎಂದು ಅತ್ತುಬಿಟ್ಟೆ.

ಎತಲೀನ್ ಪಕ್ಕದಲ್ಲಿ ಕೂತಳು. “ಗೊತ್ತು ಬಿಡು. ಅವನಿಗೆ ಸುಳ್ಳು ಹೇಳೋಕೆ ಎಲ್ಲಿ ಬರ್ತಿತ್ತು?”