ಕರಿಜಾಲಿಯ ಕಂಬ

ಪರಿಗಿಯಲ್ಲಿ ನಮ್ಮ ಹಿಪ್ಪುನೇರಳೆ ತೋಟಕ್ಕೆ ಬೇಲಿಕಂಬ ಮಾಡಿಕೊಟ್ಟ ಆಚಾರಿ, ಕಡಿದ ಮರವನ್ನು ಮೊದಲು ಕೊಡಲಿಯ ಹಿಂಬದಿಯಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಆಮೇಲೆ ತೊಗಟೆ ಸುಲಿದು, ಅದರಡಿಯ ಬಿಳಿ ಮರವನ್ನೂ ಕೆತ್ತಿ ಎಸೆಯುತ್ತಿದ್ದರು. ನಮ್ಮ ಬದುವಿನಲ್ಲೇ ಬೆಳೆದ ಕರಿಜಾಲಿ ಅದು. ತೊಡೆಗಾತ್ರದ ಮರ ಕಣ್ಣೆದುರೇ ತೋಳಿನಷ್ಟಾಗುವುದನ್ನು ನೋಡಲಾಗದೆ ಕೇಳಿದೆ.

"ಅರ್ಧ ಮರ ಒಲೆಗೇ ಹೋಯ್ತಲ್ಲ ಆಚಾರ್ರೇ?"

"ಬಿಳೀದು ಗೆದ್ದಲಿಗೆ, ಕೆಂಪು ನಮಗೆ ಕಣಪ್ಪ." ದಿನಕ್ಕೆ ಹತ್ತು ಸಲ ಇದೇ ಮಾತು.

ಇಷ್ಟು ಸಣ್ಣ ಕಂಬ ಎಷ್ಟು ದಿನ ನಿಂತೀತು, ಕಲ್ಲುಕಂಬವನ್ನೇ ತರಿಸುತ್ತೇನೆ ಎಂದುಬಿಟ್ಟೆ. ಆಚಾರಿ ಕೊಡಲಿ ಕೆಳಗಿಟ್ಟು, ಪಕ್ಕದಲ್ಲೇ ಇದ್ದ ತಮ್ಮ ಹೊಲಕ್ಕೆ ನನ್ನನ್ನು ಕರೆದೊಯ್ದರು. ಬೇಲಿಯ ಒಂದು ಕಂಬವನ್ನು ಹಾರೆಯಿಂದ ಅಗೆದು ಕಿತ್ತರು. ಮಣ್ಣಿನೊಳಗಿದ್ದ ತುದಿಯನ್ನು ಒರೆಸಿ ಉಳಿಯಿಂದ ಕೆರೆದರು. ನಿನ್ನೆ ಕಡಿದಂತೆ ಕೆಂಪಗಿತ್ತು.

"ಚೂಡಪ್ಪ, ಇದ್ನ ನೋಡು, ನನ್ ಮಗಳು ಹುಟ್ಟಿದ ವರ್ಷ ನೆಟ್ಟಿದ್ದು. ಈಗ ಕಲ್ಯಾಣದುರ್ಗದಾಗೆ ಟೀಚರಮ್ಮ ಆಗವ್ಳೆ. ಅವ್ಳು ಆಗ್ಲೇ ತಲೆಗೆ ಬಣ್ಣ ಹಚ್ತಾವ್ಳೆ. ಇದ್ಕೆ ಇನ್ನೂ ಬೇಕಾಗಿಲ್ಲ."